"ಕಳಿಸಿ, ನೋಡೋಣ": ಸಿರಿಯಾ ಗಡಿಯ ಫ್ರೀಲ್ಯಾನ್ಸ್ ವರದಿಗಾರರು, 2012–2015

ಟರ್ಕಿಯ ದಕ್ಷಿಣ ಗಡಿಯಲ್ಲಿ ಕಿಲಿಸ್ ಅಂತ ಒಂದು ಊರಿದೆ. ಸುತ್ತ ಆಲಿವ್ ತೋಟಗಳು. ಊರು ದಾಟಿದರೆ ಒಂಜುಪಿನಾರ್ ಗಡಿಠಾಣೆ. ಅದರ ಆಚೆ ಸಿರಿಯಾದ ಬಾಬ್ ಅಲ್-ಸಲಾಮಾ, ಮುಂದೆ ಅಜಾಜ್ ಪಟ್ಟಣ, ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಅಲೆಪ್ಪೊ. 2012ರ ಜುಲೈನಲ್ಲಿ ಬಾಬ್ ಅಲ್-ಸಲಾಮಾ ಅಸಾದ್ ಸರ್ಕಾರದ ವಿರುದ್ಧ ಎದ್ದ ಬಂಡುಕೋರರ ಕೈಗೆ ಬಂತು. ಅದೇ ತಿಂಗಳು ಅಲೆಪ್ಪೊದಲ್ಲಿ ಕಾಳಗ ಶುರುವಾಯಿತು.

ಅಲ್ಲಿಯವರೆಗೆ ಸಿರಿಯಾದಿಂದ ವರದಿ ಮಾಡಲು ಡಮಾಸ್ಕಸ್ ಸರ್ಕಾರದ ವೀಸಾ ಬೇಕಿತ್ತು, ಇಲ್ಲವೇ ಕಳ್ಳದಾರಿಯಲ್ಲಿ ನುಗ್ಗಬೇಕಿತ್ತು. ವೀಸಾ ಸಿಗುತ್ತಿದ್ದುದು ಕೆಲವರಿಗೆ ಮಾತ್ರ, ಅದೂ ಸರ್ಕಾರದ ಕಣ್ಗಾವಲಿನಲ್ಲಿ. ಈಗ ಗಡಿಯ ಬಾಗಿಲೇ ತೆರೆದಿತ್ತು. ಕಿಲಿಸ್, ಅಂತಾಕ್ಯ, ಗಾಜಿಯಾಂತೆಪ್ ಊರುಗಳಿಗೆ ಫ್ರೀಲ್ಯಾನ್ಸ್ ಪತ್ರಕರ್ತರು ಬಂದಿಳಿದರು. ಕೆಲವರು ಹತ್ತಾರು ವರ್ಷ ಯುದ್ಧ ನೋಡಿದವರು. ಕೆಲವರಿಗೆ ಇದೇ ಮೊದಲ ಯುದ್ಧ. ಯಾರ ಹಿಂದೆಯೂ ಸಂಬಳ ಕೊಡುವ ಸಂಸ್ಥೆ ಇರಲಿಲ್ಲ.

ಯುದ್ಧದ ಪಕ್ಕದಲ್ಲಿ ನಿಂತು ಸ್ವತಂತ್ರವಾಗಿ ವರದಿ ಮಾಡುವವರ ಕಷ್ಟಗಳೆಲ್ಲ ಈ ಗಡಿಯಲ್ಲಿ ಒಟ್ಟಿಗೆ ಕಾಣುತ್ತವೆ, ಅದಕ್ಕೇ ಈ ಪ್ರಕರಣವನ್ನು ಆರಿಸಿಕೊಂಡೆ. ಹಣ, ಕಾಗದಪತ್ರ, ವಿಮೆ, ಉತ್ತರ ಕೊಡದ ಸಂಪಾದಕರು, ಕೊನೆಗೆ ಅಪಹರಣ. ಇದರಲ್ಲಿ ಬಹುಪಾಲು ದಾಖಲೆಯಲ್ಲೂ ಇದೆ. ನನ್ನ ಓದಿನಲ್ಲಿ ಇವೆಲ್ಲ ಬೇರೆ ಬೇರೆ ಕಷ್ಟಗಳಲ್ಲ. ಸುದ್ದಿ ಬೇಕು, ಆದರೆ ಸುದ್ದಿ ತರುವವರ ಹೊಣೆ ಬೇಡ ಅನ್ನುವ ಒಂದೇ ವ್ಯವಸ್ಥೆಯ ಬೇರೆ ಬೇರೆ ಮುಖಗಳು.

ಸ್ಟಾಫ್ ಹಿಂದೆ ಸರಿದ ಮೇಲೆ

2012ರ ಫೆಬ್ರವರಿ 22ರಂದು ಹೋಮ್ಸ್ ನಗರದ ಬಾಬಾ ಅಮ್ರ್ ಬಡಾವಣೆಯಲ್ಲಿ ಶೆಲ್ ದಾಳಿಗೆ ಮೇರಿ ಕೋಲ್ವಿನ್ ಬಲಿಯಾದರು. ಅವರು ಲಂಡನ್ನಿನ ದಿ ಸಂಡೇ ಟೈಮ್ಸ್ ಪತ್ರಿಕೆಯ ಹಿರಿಯ ವರದಿಗಾರ್ತಿ. ಅವರ ಜೊತೆಗೇ ಫ್ರಾನ್ಸಿನ ಯುವ ಫೋಟೋಗ್ರಾಫರ್ ರೆಮಿ ಓಶ್ಲಿಕ್ ಕೂಡ ಸತ್ತರು. ಆಮೇಲೆ ದೊಡ್ಡ ಸಂಸ್ಥೆಗಳು ತಮ್ಮ ನೌಕರರನ್ನು ಸಿರಿಯಾ ಒಳಗೆ ಕಳಿಸುವ ಮುಂಚೆ ಹತ್ತು ಸಲ ಯೋಚಿಸತೊಡಗಿದವು. ಭದ್ರತಾ ಸಲಹೆಗಾರರ ಒಪ್ಪಿಗೆ, ವಿಮೆಯ ಒಪ್ಪಿಗೆ, ಮೇಲಿನವರ ಒಪ್ಪಿಗೆ. ಇದು ತಪ್ಪಲ್ಲ. ನೌಕರರ ಜೀವದ ಬಗ್ಗೆ ಸಂಸ್ಥೆ ಹೀಗೇ ಯೋಚಿಸಬೇಕು.

ಆದರೆ ಸುದ್ದಿಯ ಹಸಿವು ಕಡಿಮೆಯಾಗಲಿಲ್ಲ. ಅಲೆಪ್ಪೊದ ಚಿತ್ರ, ಅಲೆಪ್ಪೊದ ವಿಡಿಯೋ ದಿನಾ ಬೇಕಿತ್ತು. ಸ್ಟಾಫ್ ಬಿಟ್ಟ ಜಾಗವನ್ನು ಫ್ರೀಲ್ಯಾನ್ಸರ್‌ಗಳು ತುಂಬಿದರು. ನೌಕರರಿಗೆ ಅಪಾಯ ಜಾಸ್ತಿ ಅಂತ ತೀರ್ಮಾನವಾಗಿದ್ದ ಜಾಗಕ್ಕೆ ನೌಕರರಲ್ಲದವರು ಹೋದರೆ ಕೊಳ್ಳಲು ಯಾರಿಗೂ ಅಡ್ಡಿ ಇರಲಿಲ್ಲ. ಇಡೀ ಪ್ರಕರಣದ ಬೇರು ಇಲ್ಲೇ ಇದೆ.

70 ಡಾಲರಿನ ಲೆಕ್ಕ

ಫ್ರೀಲ್ಯಾನ್ಸ್ ಲೋಕದಲ್ಲಿ ಕೆಲಸ ಎರಡು ರೀತಿ ನಡೆಯುತ್ತದೆ. ಒಂದು ಅಸೈನ್‌ಮೆಂಟ್. ಸಂಪಾದಕರು ಇಂಥ ವರದಿ ಬೇಕು, ಇಷ್ಟು ಕೊಡುತ್ತೇವೆ ಅಂತ ಮೊದಲೇ ಒಪ್ಪಿರುತ್ತಾರೆ. ವರದಿ ಅಚ್ಚಾಗದಿದ್ದರೂ ಕಿಲ್ ಫೀ ಅಂತ ಒಂದು ಪಾಲು ಸಿಗುವ ರೂಢಿ ಇದೆ. ಇನ್ನೊಂದು ಆನ್ ಸ್ಪೆಕ್. ಅಲ್ಲಿ ಮಾತು ಕೊಡುವುದಿಲ್ಲ, ಕಾಗದವೂ ಇಲ್ಲ. "ವಿಷಯ ಚೆನ್ನಾಗಿದೆ, ಕಳಿಸಿ, ನೋಡೋಣ" ಅನ್ನುವ ಒಂದು ಸಾಲಿನ ಮೇಲ್ ಬಂದರೆ ಅದೇ ಪುಣ್ಯ. ಸಿರಿಯಾ ಗಡಿಯ ಮಾರುಕಟ್ಟೆ ಬಹಳ ಮಟ್ಟಿಗೆ ಈ ಎರಡನೆಯ ರೀತಿಯಲ್ಲಿ ನಡೆಯಿತು.

ಇಟಲಿಯ ಫ್ರೀಲ್ಯಾನ್ಸ್ ವರದಿಗಾರ್ತಿ ಫ್ರಾನ್ಸೆಸ್ಕಾ ಬೊರ್ರಿ 2013ರ ಜುಲೈನಲ್ಲಿ ಅಮೆರಿಕದ ಕೊಲಂಬಿಯಾ ಜರ್ನಲಿಸಂ ರಿವ್ಯೂನಲ್ಲಿ ತಮ್ಮ ಖರ್ಚುವೆಚ್ಚ ಬಿಚ್ಚಿಟ್ಟರು. ಒಂದು ವರದಿಗೆ 70 ಡಾಲರ್. ಬಂಡುಕೋರರ ನೆಲೆಯಲ್ಲಿ ನೆಲದ ಮೇಲಿನ ಹಾಸಿಗೆಗೆ ರಾತ್ರಿಗೆ 50 ಡಾಲರ್. ಕಾರಿಗೆ ದಿನಕ್ಕೆ 250 ಡಾಲರ್. ವಿಮೆ ಮಾಡಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 1000 ಡಾಲರ್.

ಈಗ ಕೂಡಿಸಿ ನೋಡಿ. ಹಾಸಿಗೆ ಮತ್ತು ಕಾರು ಸೇರಿ ದಿನಕ್ಕೆ 300 ಡಾಲರ್. ಒಂದು ದಿನದ ಖರ್ಚು ಹುಟ್ಟಲು ನಾಲ್ಕಕ್ಕಿಂತ ಜಾಸ್ತಿ ವರದಿ ಮಾರಾಟವಾಗಬೇಕು. ವಿಮೆಯ ಹಣ ಹುಟ್ಟಲು ಇನ್ನೂ ಹದಿನಾಲ್ಕು ಹದಿನೈದು. ಜೊತೆಗಿರುವ ಸ್ಥಳೀಯ ಸಹಾಯಕನಿಗೆ, ಅಂದರೆ ಫಿಕ್ಸರ್‌ಗೆ, ಏನು ಕೊಡುವುದು? ಊಟ, ಫೋನ್, ವಿಮಾನದ ಟಿಕೆಟ್ ಇವನ್ನು ಹಿಡಿದೇ ಇಲ್ಲ. ಒಂದು ದಿನದಲ್ಲಿ ನಾಲ್ಕು ವರದಿ ಬರೆಯಲು ಯಾರಿಂದಲೂ ಆಗದು, ಬರೆದರೂ ಯಾರೂ ಕೊಳ್ಳರು.

ಆಗ ಮನುಷ್ಯ ಏನು ಮಾಡುತ್ತಾನೆ? ಖರ್ಚು ಕತ್ತರಿಸುತ್ತಾನೆ. ಕತ್ತರಿಸಲು ಸಿಗುವುದು ಸುರಕ್ಷತೆ ಮಾತ್ರ. ಮೊದಲು ವಿಮೆ ಹೋಗುತ್ತದೆ. ಆಮೇಲೆ ಒಳ್ಳೆಯ ಫಿಕ್ಸರ್. ಫಿಕ್ಸರ್ ಅಂದರೆ ಬರೀ ಅನುವಾದಕ ಅಲ್ಲ. ಮುಂದಿನ ಚೆಕ್‌ಪಾಯಿಂಟ್ ಇವತ್ತು ಯಾರ ಕೈಯಲ್ಲಿದೆ, ಯಾವ ದಾರಿ ನಿನ್ನೆಯಿಂದ ಕೆಟ್ಟಿದೆ, ಯಾರ ಮನೆಯಲ್ಲಿ ಮಲಗಬಹುದು, ಇದೆಲ್ಲ ಗೊತ್ತಿರುವವನು ಅವನೇ. ಅವನಿಲ್ಲದೆ ಹೋಗುವುದು ಕಣ್ಣು ಕಟ್ಟಿಕೊಂಡು ಹೋದ ಹಾಗೆ. ಆಮೇಲೆ ಕಾರು. ಗುರುತೇ ಇಲ್ಲದ ನಾಲ್ವರು ಸೇರಿ ಒಂದು ಕಾರು ಮಾಡುತ್ತಾರೆ. ಹೊರಡಬೇಕಾದ ಹೊತ್ತಿಗೆ ಒಬ್ಬನಿಗೆ ಹೊರಡಬೇಕು, ಇನ್ನೊಬ್ಬನಿಗೆ ಇನ್ನೊಂದು ಚಿತ್ರ ಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಇದರ ಬಗ್ಗೆ ಮಾತು ಕಡಿಮೆ. ಹೋಗಿಬರುವ ಖರ್ಚು ದೊಡ್ಡದಾದ್ದರಿಂದ ಒಳಗೆ ಹೋದವರು ಬೇಗ ಹೊರಗೆ ಬರುವುದಿಲ್ಲ. ಇನ್ನೊಂದು ವರದಿ ಸಿಕ್ಕರೆ ಖರ್ಚು ಹೊರಟೀತು ಅಂತ ಉಳಿಯುತ್ತಾರೆ. ಉಳಿದಷ್ಟೂ ಅವರು ಅಲ್ಲಿರುವ ಸುದ್ದಿ ಹಬ್ಬುತ್ತದೆ. ವಿದೇಶಿಯರನ್ನು ಹಿಡಿಯಲು ಕಾಯುವವರಿಗೆ ಬೇಕಿರುವುದೂ ಅಷ್ಟೇ. ಹೀಗೆ ಪತ್ರಿಕೆ ಕೊಡುವ ಸಣ್ಣ ದರವೇ ವರದಿಗಾರರು ಅಪಾಯದಲ್ಲಿ ಕಳೆಯುವ ಹೊತ್ತನ್ನು ಉದ್ದ ಮಾಡುತ್ತದೆ.

ಬೊರ್ರಿ ಹೇಳಿದ ಒಂದು ಸಂಗತಿ ನನಗೆ ಮರೆಯಲಾಗುತ್ತಿಲ್ಲ. ಅವರು ಸ್ವಲ್ಪ ಕಾಲ ಸಂಪರ್ಕಕ್ಕೆ ಸಿಗದಿದ್ದಾಗ ಅಪಹರಣವಾಗಿರಬೇಕು ಅಂತ ಭಾವಿಸಿದ ಒಬ್ಬ ಸಂಪಾದಕರು ಅವರಿಗೊಂದು ಮೇಲ್ ಹಾಕಿದ್ದರಂತೆ: ಇಂಟರ್ನೆಟ್ ಸಿಕ್ಕರೆ ಸೆರೆಯ ಬಗ್ಗೆ ಟ್ವೀಟ್ ಮಾಡುತ್ತೀರಾ ಅಂತ. ಆ ಸಂಪಾದಕರು ಕ್ರೂರಿ ಅಂತ ನಾನು ಹೇಳಲಾರೆ. ಎಲ್ಲೋ ದೂರದ ಕಚೇರಿಯಲ್ಲಿ ಕೂತು, ಎಂದೂ ಮುಖ ನೋಡದ ಒಬ್ಬರಿಂದ 70 ಡಾಲರಿಗೆ ವರದಿ ಕೊಳ್ಳುವ ಸಂಬಂಧದಲ್ಲಿ ಆ ಜೀವ ಎಷ್ಟು ದೂರದ್ದಾಗಿ ಕಾಣುತ್ತದೆ ಅನ್ನುವುದು ಆ ಮೇಲ್‌ನಲ್ಲಿದೆ.

ಒಂದು ಪತ್ರ

ಹಣಕ್ಕಿಂತ ಜಾಸ್ತಿ ಸತಾಯಿಸುವುದು ಕಾಗದ. ಅಧಿಕೃತ ಪ್ರೆಸ್ ಕಾರ್ಡ್ ಬೇಕೆಂದರೆ ಸಂಸ್ಥೆಯ ಪತ್ರ ಬೇಕು. ವೀಸಾಕ್ಕೂ ಪತ್ರ ಬೇಕು. ತಡೆದು ನಿಲ್ಲಿಸಿದ ಪೊಲೀಸರಿಗೆ ತೋರಿಸಲೂ ಪತ್ರ ಬೇಕು. "ಇವರು ನಮಗಾಗಿ ಕೆಲಸ ಮಾಡುತ್ತಿದ್ದಾರೆ" ಅನ್ನುವ ಒಂದೇ ಸಾಲು ಸಾಕು. ಆದರೆ ಆನ್ ಸ್ಪೆಕ್ ಕೊಳ್ಳುವ ಸಂಪಾದಕರಿಗೆ ಆ ಒಂದು ಸಾಲು ಬರೆಯುವುದೇ ಕಷ್ಟ. ಬರೆದರೆ ಹೊಣೆ ಹೊತ್ತ ಹಾಗೆ. ನಾಳೆ ಏನಾದರೂ ಆದರೆ ಕುಟುಂಬದವರು ಆ ಪತ್ರ ಹಿಡಿದು ಬಾಗಿಲಿಗೆ ಬರಬಹುದು.

ಹಾಗಾಗಿ ಗಡಿಯಲ್ಲಿ ಫ್ರೀಲ್ಯಾನ್ಸರ್‌ಗಳ ಹೊತ್ತು ಬಹಳಷ್ಟು ಹೋಗುವುದು ಕಾಯುವುದರಲ್ಲಿ. ಮೇಲ್‌ಗೆ ಉತ್ತರ ಬಂತಾ, ಗೇಟ್ ಇವತ್ತು ತೆರೆದಿದೆಯಾ, ಫಿಕ್ಸರ್ ಫೋನ್ ಎತ್ತುತ್ತಾನಾ, ಅರ್ಧ ಖರ್ಚು ಹಂಚಿಕೊಳ್ಳಲು ಯಾರಾದರೂ ಸಿಗುತ್ತಾರಾ. ಈ ನಡುವೆ ನಿರಾಶ್ರಿತರ ಶಿಬಿರದ ಬಗ್ಗೆ, ಗಡಿ ಊರಿನ ಆಸ್ಪತ್ರೆಗಳ ಬಗ್ಗೆ, ಶಾಲೆ ಬಿಟ್ಟ ಮಕ್ಕಳ ಬಗ್ಗೆ ಬರೆದರೆ ಕೊಳ್ಳುವವರು ಕಡಿಮೆ. ಬೇಕಿರುವುದು ಬ್ಯಾಂಗ್ ಬ್ಯಾಂಗ್. ಗುಂಡು, ಹೊಗೆ, ಓಡುವ ಹೋರಾಟಗಾರ, ಇಂಥ ಚಿತ್ರಗಳಿಗೆ ಫೋಟೋಗ್ರಾಫರ್‌ಗಳೇ ಇಟ್ಟುಕೊಂಡಿರುವ ಹೆಸರದು. ಗಡಿಯ ಈಚೆ ಕೂತು ಮಾಡಬಹುದಾದ ಒಳ್ಳೆಯ ಕೆಲಸಕ್ಕೆ ಬೆಲೆ ಇದ್ದಿದ್ದರೆ ಎಷ್ಟೋ ಜನ ಗಡಿ ದಾಟುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಬಿನ್ನಿಶ್‌ನಿಂದ ಗಡಿಗೆ

2012ರ ನವೆಂಬರ್ 22. ಇದ್ಲಿಬ್ ಪ್ರಾಂತ್ಯದ ಬಿನ್ನಿಶ್‌ನಲ್ಲಿ ಒಂದು ಇಂಟರ್ನೆಟ್ ಕೆಫೆ. ಅಮೆರಿಕದ ಜೇಮ್ಸ್ ಫೋಲಿ ಮತ್ತು ಬ್ರಿಟನ್ನಿನ ಜಾನ್ ಕ್ಯಾಂಟ್ಲಿ ಅಲ್ಲಿ ಕೂತು ತಮ್ಮ ಕೆಲಸವನ್ನು ಅಪ್‌ಲೋಡ್ ಮಾಡಿದರು. ಆಮೇಲೆ ಟ್ಯಾಕ್ಸಿ ಹಿಡಿದು ಟರ್ಕಿ ಗಡಿಯ ಕಡೆ ಹೊರಟರು. ದಾರಿಯಲ್ಲಿ ಒಂದು ವ್ಯಾನ್ ಅಡ್ಡ ಬಂತು. ಬಂದೂಕು ಹಿಡಿದವರು ಇಳಿದರು. ಇಬ್ಬರನ್ನೂ ಎಳೆದುಕೊಂಡು ಹೋದರು. ಜೊತೆಗಿದ್ದ ಅನುವಾದಕನನ್ನು ಬಿಟ್ಟರು.

ಫೋಲಿ ಹೊಸಬರಲ್ಲ. ಅಮೆರಿಕದ ಸುದ್ದಿ ಜಾಲತಾಣ ಗ್ಲೋಬಲ್‌ಪೋಸ್ಟ್ ಮತ್ತು ಫ್ರಾನ್ಸಿನ ಸುದ್ದಿಸಂಸ್ಥೆ ಎಎಫ್‌ಪಿಗೆ ಕೆಲಸ ಮಾಡುತ್ತಿದ್ದ ಫ್ರೀಲ್ಯಾನ್ಸರ್. 2011ರ ಏಪ್ರಿಲ್‌ನಲ್ಲಿ ಲಿಬಿಯಾದ ಬ್ರೆಗಾ ಬಳಿ ಗದ್ದಾಫಿ ಪಡೆ ಅವರನ್ನು ಹಿಡಿದಿತ್ತು. ಆ ದಿನ ಅವರ ಕಣ್ಣೆದುರೇ ದಕ್ಷಿಣ ಆಫ್ರಿಕಾದ ಫ್ರೀಲ್ಯಾನ್ಸ್ ಫೋಟೋಗ್ರಾಫರ್ ಆಂಟನ್ ಹಾಮರ್ಲ್ ಗುಂಡೇಟಿಗೆ ಬಿದ್ದರು. ಫೋಲಿ ಮತ್ತು ಉಳಿದವರು ಬಿಡುಗಡೆಯಾಗಿ ಬಾಯಿ ಬಿಡುವವರೆಗೆ, ಆರು ವಾರ, ಹಾಮರ್ಲ್ ಬದುಕಿದ್ದಾರೆ ಅಂತಲೇ ಅವರ ಕುಟುಂಬ ಕಾಯುತ್ತಿತ್ತು. ಹಾಮರ್ಲ್ ಹಿಂದೆ ಪರಿಹಾರ ಕೊಡುವ ಸಂಸ್ಥೆ ಇರಲಿಲ್ಲ. ಹೆಂಡತಿ ಮಕ್ಕಳಿಗಾಗಿ ಸ್ನೇಹಿತರೇ ಫೋಟೋಗಳ ಹರಾಜು ನಡೆಸಿ ಹಣ ಕೂಡಿಸಿದರು. ಆ ಕೆಲಸದಲ್ಲಿ ಫೋಲಿಯೂ ಓಡಾಡಿದ್ದರು. ಒಬ್ಬ ಫ್ರೀಲ್ಯಾನ್ಸರ್ ಸತ್ತರೆ ಇನ್ನೊಬ್ಬ ಫ್ರೀಲ್ಯಾನ್ಸರ್ ಚಂದಾ ಎತ್ತಬೇಕು, ಅದೇ ಆಗಿನ ವಿಮೆ.

2013ರ ಆಗಸ್ಟ್ 4ರಂದು ಇನ್ನೊಬ್ಬ ಅಮೆರಿಕನ್ ಫ್ರೀಲ್ಯಾನ್ಸರ್ ಸ್ಟೀವನ್ ಸಾಟ್ಲಾಫ್ ಕಿಲಿಸ್‌ನಿಂದ ಗಡಿ ದಾಟಿದರು. ಅಜಾಜ್ ಹತ್ತಿರವೇ ಅವರನ್ನು ಹಿಡಿದರು. ಮುಂದಿನ ತಿಂಗಳು ಅಜಾಜ್ ಊರೇ ಐಸಿಸ್ ಉಗ್ರರ ಕೈ ಸೇರಿತು. ಫೋಲಿಯ ಹತ್ಯೆಯ ವಿಡಿಯೋ ಹೊರಬಂದಿದ್ದು 2014ರ ಆಗಸ್ಟ್ 19ರಂದು. ಎರಡು ವಾರದ ನಂತರ ಸಾಟ್ಲಾಫ್ ಅವರದ್ದು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಹಣ ಇಲ್ಲದ್ದಕ್ಕೇ ಇವರು ಸಿಕ್ಕಿಬಿದ್ದರು ಅನ್ನುವುದಕ್ಕೆ ಆಧಾರ ಇಲ್ಲ. ಸಂಬಳದ ವರದಿಗಾರರೂ ಅಪಹರಣವಾದರು. ಸ್ಪೇನಿನ ಎಲ್ ಮುಂಡೊ ಪತ್ರಿಕೆಯ ಹಾವಿಯರ್ ಎಸ್ಪಿನೋಸಾ, ಫ್ರಾನ್ಸಿನ ಯುರೋಪ್ 1 ರೇಡಿಯೋದ ದಿದಿಯೆ ಫ್ರಾಂಸ್ವಾ ಇಬ್ಬರೂ ಐಸಿಸ್ ಸೆರೆಯಲ್ಲಿದ್ದು 2014ರಲ್ಲಿ ಬಿಡುಗಡೆಯಾದರು. ಜೀವ ಉಳಿಯುವುದು ಬಿಡುವುದು ಒತ್ತೆಹಣದ ಬಗ್ಗೆ ಅವರವರ ದೇಶದ ಸರ್ಕಾರದ ನಿಲುವಿನ ಮೇಲೂ ನಿಂತಿತ್ತು. ಇನ್ನೊಂದನ್ನೂ ಹೇಳಬೇಕು: ಫೋಲಿ ನೌಕರರಲ್ಲದಿದ್ದರೂ ಅವರ ಹುಡುಕಾಟದ ಖರ್ಚನ್ನು ಗ್ಲೋಬಲ್‌ಪೋಸ್ಟ್ ಹೊತ್ತಿತು.

ಫ್ರೀಲ್ಯಾನ್ಸರ್‌ಗೂ ನೌಕರನಿಗೂ ವ್ಯತ್ಯಾಸ ಕಾಣುವುದು ಅಪಹರಣದ ಮೊದಲ ಗಂಟೆಗಳಲ್ಲಿ. ನೌಕರನಾದರೆ ರಾತ್ರಿ ಫೋನ್ ಬಾರದಿದ್ದಾಗ ಕಚೇರಿಯಲ್ಲಿ ಒಬ್ಬರು ಎಚ್ಚರವಾಗುತ್ತಾರೆ. ಯಾರಿಗೆ ಕರೆ ಮಾಡಬೇಕು ಅನ್ನುವ ಪಟ್ಟಿ ಅವರ ಬಳಿ ಇರುತ್ತದೆ. ಫ್ರೀಲ್ಯಾನ್ಸರ್ ಫೋನ್ ಮಾಡದಿದ್ದರೆ ಐದು ಪತ್ರಿಕೆಗಳ ಐದು ಸಂಪಾದಕರೂ "ಬೇರೆ ಯಾರಿಗೋ ಕೆಲಸ ಮಾಡುತ್ತಿರಬೇಕು" ಅಂದುಕೊಳ್ಳುತ್ತಾರೆ.

ಕೊಳ್ಳುವುದಿಲ್ಲ ಎಂದಾಗ

2013ರ ಫೆಬ್ರವರಿಯಲ್ಲಿ ದಿ ಸಂಡೇ ಟೈಮ್ಸ್ ಸಿರಿಯಾದ ಫ್ರೀಲ್ಯಾನ್ಸ್ ಚಿತ್ರಗಳನ್ನು ಕೊಳ್ಳುವುದಿಲ್ಲ ಎಂದಿತು. ವಿಪರೀತ ಅಪಾಯಕ್ಕೆ ಇಳಿಯುವಂತೆ ಫ್ರೀಲ್ಯಾನ್ಸರ್‌ಗಳನ್ನು ಹುರಿದುಂಬಿಸಲು ಇಷ್ಟವಿಲ್ಲ ಅನ್ನುವುದು ಕಾರಣ. ಕೋಲ್ವಿನ್ ಅವರನ್ನು ಕಳೆದುಕೊಂಡ ಪತ್ರಿಕೆ ಹೀಗೆ ಹೇಳಿದ್ದು ಅರ್ಥವಾಗುತ್ತದೆ. ಬ್ರಿಟನ್ನಿನ ಇನ್ನೂ ಕೆಲವು ಪತ್ರಿಕೆಗಳ ನಿಲುವು ಇದೇ ಆಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಎಎಫ್‌ಪಿ ಕೂಡ ಹೇಳಿತು: ನಾವೇ ಕಾಲಿಡದ ಜಾಗಕ್ಕೆ ಹೋದ ಫ್ರೀಲ್ಯಾನ್ಸರ್‌ಗಳ ಕೆಲಸವನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ.

ತತ್ವವಾಗಿ ಇದು ಸರಿ. ನನ್ನ ನೌಕರನಿಗೆ ಬೇಡವಾದ ಅಪಾಯ ನಿನಗೂ ಬೇಡ ಅನ್ನುವುದರಲ್ಲಿ ಗೌರವವಿದೆ. ಆದರೆ ಆ ಮಾತು ಹೇಳುವ ಹೊತ್ತು ಮುಖ್ಯ ಅಲ್ವಾ? 2013ರಲ್ಲಿ ಆ ಉತ್ತರ ಸಿಕ್ಕ ಫೋಟೋಗ್ರಾಫರ್ ಆಗಲೇ ಅಲೆಪ್ಪೊದಲ್ಲಿ ಕೆಲಸ ಮಾಡಿ ಚಿತ್ರ ಕಳಿಸಿಯಾಗಿತ್ತು. ಅಪಾಯ ಮುಗಿದ ಮೇಲೆ ಬೇಡ ಅಂದರೆ ಉಳಿಯುವುದು ನಷ್ಟ ಮಾತ್ರ. ಮೊದಲ ಮೇಲ್‌ನಲ್ಲೇ "ಬೇಡ, ಹೋಗಬೇಡಿ, ತಂದರೂ ಕೊಳ್ಳುವುದಿಲ್ಲ" ಅಂತ ಬರೆಯುವುದು ಕಷ್ಟದ ಕೆಲಸವೇನಲ್ಲ. "ಕಳಿಸಿ, ನೋಡೋಣ" ಅಂತ ಸುಮ್ನೆ ಬರೆದು ಬಿಡುವುದು ಸಂಪಾದಕರಿಗೆ ಒಂದು ನಿಮಿಷದ ಕೆಲಸ. ಓದುವವರಿಗೆ ಅದು ಗಡಿ ದಾಟಲು ಸಿಕ್ಕ ಕಾರಣ.

ಸರ್ಕಾರಗಳೂ ಬಾಗಿಲು ಹಾಕಿದವು. ಜಪಾನಿನ ಫ್ರೀಲ್ಯಾನ್ಸ್ ಪತ್ರಕರ್ತ ಕೆಂಜಿ ಗೋಟೊ ಅವರನ್ನು ಐಸಿಸ್ 2015ರ ಜನವರಿ ಕೊನೆಯಲ್ಲಿ ಕೊಂದಿತು. ಮರುವಾರವೇ ಸಿರಿಯಾಕ್ಕೆ ಹೊರಟಿದ್ದ ಇನ್ನೊಬ್ಬ ಫ್ರೀಲ್ಯಾನ್ಸ್ ಫೋಟೋಗ್ರಾಫರ್‌ನ ಪಾಸ್‌ಪೋರ್ಟನ್ನು ಜಪಾನ್ ಸರ್ಕಾರ ಕಿತ್ತುಕೊಂಡಿತು. ಅದೇ ವರ್ಷ ಸಿರಿಯಾದಲ್ಲಿ ಸೆರೆಯಾದ ಜುಂಪೇ ಯಾಸುದಾ 2018ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ ಊರಿಗೆ ಬಂದರೆ, ತಾನಾಗಿ ಹೋದವನು ತಾನೇ ಅನುಭವಿಸಬೇಕಿತ್ತು ಅಂತ ಬಹಳ ಜನ ಅವರನ್ನೇ ಬೈದರು. ಆದರೆ ಯುದ್ಧದ ಸುದ್ದಿ ಓದುವುದನ್ನು ಮಾತ್ರ ಯಾರೂ ನಿಲ್ಲಿಸುವುದಿಲ್ಲ.

ಖಾಲಿ ಜಾಗ ತುಂಬಿದವರು

ವಿದೇಶಿಯರು ಹೋಗುವುದು ನಿಂತ ಮೇಲೂ ಅಲೆಪ್ಪೊದಿಂದ ಚಿತ್ರಗಳು ಬರುತ್ತಲೇ ಇದ್ದವು. ತೆಗೆಯುತ್ತಿದ್ದವರು ಅಲೆಪ್ಪೊದವರೇ. ಪ್ರತಿಭಟನೆಯನ್ನು ಮೊಬೈಲ್‌ನಲ್ಲಿ ಹಿಡಿಯುತ್ತಾ ಕ್ಯಾಮೆರಾ ಕಲಿತ ಹುಡುಗರು ಸುದ್ದಿಸಂಸ್ಥೆಗಳ ಸ್ಟ್ರಿಂಗರ್‌ಗಳಾದರು, ಅಂದರೆ ಸಂಬಳವಿಲ್ಲದೆ ಕೆಲಸಕ್ಕಿಷ್ಟು ಅಂತ ಹಣ ಪಡೆಯುವ ಸ್ಥಳೀಯ ವರದಿಗಾರರಾದರು. ಅವರ ಕೆಲಸ ಅದ್ಭುತವಾಗಿತ್ತು. ಆ ಊರಿನ ಕಾಳಗದ ಕೊನೆಯ ವರ್ಷಗಳನ್ನು ಜಗತ್ತು ನೋಡಿದ್ದು ಬಹುಪಾಲು ಅವರ ಕಣ್ಣಿನಿಂದ.

ಅವರಲ್ಲಿ ಮೊಲ್ಹೆಮ್ ಬರಕಾತ್ ಒಬ್ಬ. ರಾಯ್ಟರ್ಸ್‌ಗೆ ಫ್ರೀಲ್ಯಾನ್ಸ್ ಆಗಿ ಚಿತ್ರ ಕೊಡುತ್ತಿದ್ದ, ಇನ್ನೂ ಹದಿಹರೆಯದ ಹುಡುಗ. 2013ರ ಡಿಸೆಂಬರ್ 20ರಂದು ಅಲೆಪ್ಪೊದ ಅಲ್-ಕಿಂದಿ ಆಸ್ಪತ್ರೆಯ ಕಾಳಗದಲ್ಲಿ ಸತ್ತ. ಅವನ ಅಣ್ಣನೂ ಅಲ್ಲೇ ಸತ್ತ. ಅವನ ವಯಸ್ಸೆಷ್ಟು, ತರಬೇತಿ ಏನು ಕೊಟ್ಟಿದ್ದರು, ರಕ್ಷಣೆಯ ಉಡುಗೆ ಇತ್ತಾ ಅನ್ನುವ ಪ್ರಶ್ನೆಗಳನ್ನು ಪತ್ರಕರ್ತರೇ ಕೇಳಿದರು. ಆ ಪ್ರಶ್ನೆಗಳು ಅವನು ಬದುಕಿದ್ದಾಗಲೇ, ಮೊದಲ ಚಿತ್ರ ಕೊಳ್ಳುವ ದಿನವೇ ಕೇಳಬೇಕಾದವು.

2015ರ ಮಾರ್ಚ್‌ನಲ್ಲಿ ಟರ್ಕಿ ಒಂಜುಪಿನಾರ್ ಮತ್ತು ಜಿಲ್ವೆಗೊಜು ಗೇಟುಗಳನ್ನು ಜನಸಂಚಾರಕ್ಕೆ ಮುಚ್ಚಿತು. ವಿದೇಶಿ ಫ್ರೀಲ್ಯಾನ್ಸರ್‌ಗೆ ಇದರಿಂದ ಒಳಗೆ ಹೋಗುವ ದಾರಿ ತಪ್ಪಿತು. ಸಿರಿಯಾದ ಫ್ರೀಲ್ಯಾನ್ಸರ್‌ಗೆ ಹೊರಗೆ ಬರುವ ದಾರಿ ತಪ್ಪಿತು. ಎರಡೂ ಒಂದೇ ತೂಕದ ನಷ್ಟವಲ್ಲ.

ಗಡಿಯ ಈಚೆಗೂ ಈ ಭೇದ ಇತ್ತು. 2015ರ ಆಗಸ್ಟ್ ಕೊನೆಯಲ್ಲಿ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ ವೈಸ್ ನ್ಯೂಸ್ ತಂಡವನ್ನು ಪೊಲೀಸರು ಹಿಡಿದರು. ಬ್ರಿಟನ್ನಿನ ಇಬ್ಬರು ಪತ್ರಕರ್ತರು ಒಂದು ವಾರದ ಆಸುಪಾಸಿನಲ್ಲಿ ಹೊರಬಂದರು. ಅವರ ಜೊತೆಗೇ ಸಿಕ್ಕಿದ್ದ ಇರಾಕಿನ ಸಹೋದ್ಯೋಗಿ ಮೊಹಮ್ಮದ್ ರಸೂಲ್ ಹೊರಬಂದಿದ್ದು ಮುಂದಿನ ಜನವರಿಯಲ್ಲಿ, 131 ದಿನಗಳ ನಂತರ.

ಬದಲಾಗಿದ್ದು, ಬದಲಾಗದ್ದು

ಒಳ್ಳೆಯದೂ ಆಯಿತು. ಅದರಲ್ಲಿ ಜಾಸ್ತಿ ಪಾಲು ಫ್ರೀಲ್ಯಾನ್ಸರ್‌ಗಳು ತಾವೇ ಮಾಡಿಕೊಂಡಿದ್ದು. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಬ್ರಿಟನ್ನಿನ ಫೋಟೋಗ್ರಾಫರ್ ಟಿಮ್ ಹೆದರಿಂಗ್ಟನ್ ಗಾಯಗೊಂಡು ರಕ್ತ ಸೋರಿ ಸತ್ತರು. ರಕ್ತ ನಿಲ್ಲಿಸಲು ಗೊತ್ತಿದ್ದವರು ಪಕ್ಕದಲ್ಲಿದ್ದಿದ್ದರೆ ಬದುಕುತ್ತಿದ್ದರೇನೋ ಅನ್ನುವ ನೋವಿನಿಂದ ಗೆಳೆಯ ಸೆಬಾಸ್ಟಿಯನ್ ಯುಂಗರ್ 'ರಿಸ್ಕ್' ಅನ್ನುವ ಸಂಸ್ಥೆ ಕಟ್ಟಿದರು. ಯುದ್ಧ ವರದಿಗೆ ಹೋಗುವ ಫ್ರೀಲ್ಯಾನ್ಸರ್‌ಗಳಿಗೆ ಅದು ಪ್ರಥಮ ಚಿಕಿತ್ಸೆ ಕಲಿಸಿತು. 2013ರಲ್ಲಿ ಫ್ರೀಲ್ಯಾನ್ಸರ್‌ಗಳದ್ದೇ ಆದ ಫ್ರಂಟ್‌ಲೈನ್ ಫ್ರೀಲ್ಯಾನ್ಸ್ ರಿಜಿಸ್ಟರ್ ಅನ್ನುವ ಸಂಘ ಶುರುವಾಯಿತು. ರೋರಿ ಪೆಕ್ ಟ್ರಸ್ಟ್ ಮೊದಲಿನಿಂದಲೂ ತರಬೇತಿಗೆ, ಸಂಕಟದಲ್ಲಿದ್ದ ಕುಟುಂಬಗಳಿಗೆ ನೆರವು ಕೊಡುತ್ತಿತ್ತು.

2015ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರೀಲ್ಯಾನ್ಸರ್‌ಗಳ ಸುರಕ್ಷತಾ ಸೂತ್ರಗಳು ಹೊರಬಂದವು. ಎಎಫ್‌ಪಿ, ಎಪಿ, ರಾಯ್ಟರ್ಸ್, ಬಿಬಿಸಿಯಂಥ ಸಂಸ್ಥೆಗಳು ಒಪ್ಪಿದವು. ಫ್ರೀಲ್ಯಾನ್ಸರ್ ತರಬೇತಿ ಪಡೆದಿರಬೇಕು, ವಿಮೆ ಇರಬೇಕು, ಅಪಾಯದ ಯೋಜನೆ ಮಾಡಿಕೊಂಡಿರಬೇಕು. ಸಂಸ್ಥೆ ಬೇಗ ಹಣ ಕೊಡಬೇಕು, ಸುರಕ್ಷತೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ನಿಯಮಿತವಾಗಿ ಬಳಸುವ ಫ್ರೀಲ್ಯಾನ್ಸರ್‌ಗಳನ್ನು ನೌಕರರ ಹಾಗೇ ನೋಡಿಕೊಳ್ಳಲು ಯತ್ನಿಸಬೇಕು. ಅಪಹರಣವಾದರೆ, ಗಾಯವಾದರೆ ನೌಕರರಿಗೆ ಹೊರುವಷ್ಟೇ ಹೊಣೆ ಹೊರಲು ತಯಾರಿಲ್ಲದಿದ್ದರೆ ಅಸೈನ್‌ಮೆಂಟ್ ಕೊಡಬಾರದು.

ಕೊನೆಯದ್ದು ಇಡೀ ದಾಖಲೆಯ ಜೀವಾಳ. ಆದರೆ ಅದರಲ್ಲೇ ಒಂದು ಸಂದು ಉಳಿದಿದೆ. ಹೊಣೆ ಅಂಟಿಕೊಂಡಿರುವುದು ಅಸೈನ್‌ಮೆಂಟ್‌ಗೆ. ಕೊಡದಿದ್ದರೆ ಹೊಣೆಯೂ ಇಲ್ಲ. ಪತ್ರ ಬರೆದುಕೊಟ್ಟ ಪ್ರಾಮಾಣಿಕ ಸಂಪಾದಕರ ಹೆಗಲ ಮೇಲೆ ಪೂರ್ತಿ ಭಾರ. "ಕಳಿಸಿ, ನೋಡೋಣ" ಅಂದವರು ವರದಿಗಾರ ಬದುಕಿ ಬಂದರೆ ಚಿತ್ರ ಕೊಳ್ಳಬಹುದು, ಬಾರದಿದ್ದರೆ ನಮ್ಮವರಲ್ಲ ಅನ್ನಬಹುದು. ಅದಕ್ಕೇ ಸೂತ್ರದಲ್ಲಿ ಇನ್ನೊಂದು ಸಾಲು ಸೇರಬೇಕು ಅನ್ನುವುದು ನನ್ನ ಬೇಡಿಕೆ. ಯುದ್ಧಭೂಮಿಯಿಂದ ಏನಾದರೂ ಕಳಿಸಿ ಅಂತ ಬರವಣಿಗೆಯಲ್ಲಿ ಕೇಳಿದರೆ ಅದನ್ನೂ ಅಸೈನ್‌ಮೆಂಟ್ ಎಂದೇ ಎಣಿಸಬೇಕು. ಹೋಗುವ ಮುಂಚೆ ದರ ಹೇಳಬೇಕು, ವಿಮೆ ಯಾರದ್ದು ಅಂತ ಬರೆಯಬೇಕು, ಫೋನ್ ಬಾರದಿದ್ದರೆ ಎಚ್ಚರವಾಗುವ ಒಬ್ಬರ ಹೆಸರು ಅದರಲ್ಲಿರಬೇಕು. ಅಲೆಪ್ಪೊದ ಹುಡುಗನಿಗೂ ಇದೇ ಪತ್ರ ಸಿಗಬೇಕು, ಅವನಿಗೆ ಅರ್ಥವಾಗುವ ಅರಬ್ಬೀ ಭಾಷೆಯಲ್ಲಿ.